ವೇಳಾಪಟ್ಟಿಯೆಂಬ ಒಗಟು

ಬೇಸಗೆಯ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವ ವಾರದಲ್ಲಿ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಒಬ್ಬಿಬ್ಬರು ಉಪಾಧ್ಯಾಯರು ದೊಡ್ಡದೊಂದು ಹಾಳೆಗೆ ಗೆರೆಯೆಳೆದುಕೊಂಡು, ಪೆನ್ಸಿಲು ರಬ್ಬರುಗಳೊಡನೆ ಮೂಲೆಯ ಮೇಜಿನ ಮುಂದೆ ಕುಳಿತಿರುವುದನ್ನು ಕಾಣಬಹುದು. ಅವರನ್ನು ಮಾತನಾಡಿಸಲು ಯಾರೂ ಹೋಗುವುದಿಲ್ಲ. ಹೋದವರು ತಮ್ಮ ಬೇಡಿಕೆಯೊಂದನ್ನು ಹಿಡಿದುಕೊಂಡೇ ಹೋಗುತ್ತಾರೆ: ಒಬ್ಬರಿಗೆ ಮೊದಲನೆಯ ಅವಧಿ ಬೇಡ, ಮತ್ತೊಬ್ಬರಿಗೆ ಕೊನೆಯ ಅವಧಿ ಬೇಡ, ಇನ್ನೊಬ್ಬರಿಗೆ ಊಟವಾದ ಮೇಲೆ ಒಡನೆಯೇ ಪಾಠ ಬೇಡ. ಕುಳಿತವರು ಬರೆದುದನ್ನು ಅಳಿಸುತ್ತಾರೆ, ಅಳಿಸಿದುದನ್ನು ಮತ್ತೆ ಬರೆಯುತ್ತಾರೆ. ಹಾಳೆ ತೂತಾಗುವ ಹೊತ್ತಿಗೆ ವೇಳಾಪಟ್ಟಿ ಸಿದ್ಧವಾಗುತ್ತದೆ.

ಇದನ್ನು ಗುಮಾಸ್ತೆಯ ಕೆಲಸವೆಂದು ಎಣಿಸುವವರೇ ಹೆಚ್ಚು. ಆದರೆ ಇದರ ಒಳಗೆ ಅಡಗಿರುವ ಗಣಿತ ಸಾಮಾನ್ಯವಾದುದಲ್ಲ. ಇಪ್ಪತ್ತನೆಯ ಶತಮಾನದ ಕೆಲವು ಉತ್ತಮ ಬುದ್ಧಿಗಳು ಈ ಹಾಳೆಯ ಮೇಲೆ ಬಗ್ಗಿವೆ. ಅವರು ಕಂಡುಕೊಂಡ ಸಂಗತಿಯನ್ನು ತಿಳಿದರೆ, ಯಾವ ಬೇಡಿಕೆಯನ್ನು ನಡೆಸಿಕೊಡಬೇಕು, ಯಾವುದನ್ನು ಬಿಡಬೇಕು ಎಂಬ ಬಗ್ಗೆ ನಮ್ಮ ವಿಚಾರವೂ ಸ್ವಲ್ಪ ಬದಲಾಗಬಹುದು.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಮಾದರಿ ಶಾಲೆಯನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ 8ನೆಯದು, 9ನೆಯದು, 10 'ಎ', 10 'ಬಿ' ಎಂದು ನಾಲ್ಕು ತರಗತಿಗಳು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಏಳು ಅವಧಿಗಳು, ಶನಿವಾರ ಬೆಳಗಿನ ಶಾಲೆಯಲ್ಲಿ ಐದು. ಒಟ್ಟು ವಾರಕ್ಕೆ 40. ಪ್ರತಿ ತರಗತಿಗೂ ಕನ್ನಡ 7, ಇಂಗ್ಲಿಷ್ 6, ಹಿಂದಿ 5, ಗಣಿತ 7, ವಿಜ್ಞಾನ 7, ಸಮಾಜ ವಿಜ್ಞಾನ 6, ದೈಹಿಕ ಶಿಕ್ಷಣ 2 ಎಂದು ಹಂಚಿದರೆ ನಲವತ್ತೂ ತುಂಬುತ್ತವೆ. ಪ್ರತಿ ವಿಷಯಕ್ಕೆ ಒಬ್ಬರೇ ಉಪಾಧ್ಯಾಯರು. ಹಾಗಾದರೆ ಕನ್ನಡದವರಿಗೆ ವಾರಕ್ಕೆ 28 ಪಾಠ, ಹಿಂದಿಯವರಿಗೆ 20, ದೈಹಿಕ ಶಿಕ್ಷಣದವರಿಗೆ 8. ಒಟ್ಟು 160 ಪಾಠಗಳನ್ನು ಹಾಳೆಯ ಮೇಲಿನ 160 ಮನೆಗಳಲ್ಲಿ ಕೂರಿಸಬೇಕು. ನಿಯಮ ಒಂದೇ: ಒಬ್ಬ ಉಪಾಧ್ಯಾಯರು ಒಂದೇ ವೇಳೆಯಲ್ಲಿ ಎರಡು ಕೊಠಡಿಗಳಲ್ಲಿ ಇರಲಾರರು, ಒಂದು ತರಗತಿ ಒಂದೇ ವೇಳೆಯಲ್ಲಿ ಎರಡು ಪಾಠ ಕೇಳಲಾರದು.

ಎಷ್ಟು ಬಗೆಯಲ್ಲಿ ಕೂರಿಸಬಹುದು? ಒಂದು ದಿನದ ಏಳು ಅವಧಿಗಳಲ್ಲಿ ಏಳು ಬೇರೆ ಬೇರೆ ವಿಷಯಗಳನ್ನು ಇಡುವುದಾದರೆ, ಒಂದು ತರಗತಿಗೇ 5,040 ಕ್ರಮಗಳು ಸಾಧ್ಯ. ನಾಲ್ಕು ತರಗತಿಗಳಿಗೆ ಈ ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತ ಹೋದರೆ ಸುಮಾರು 645 ಲಕ್ಷ ಕೋಟಿ. ಸೆಕೆಂಡಿಗೆ ಹತ್ತು ಲಕ್ಷದಂತೆ ಒಂದು ಯಂತ್ರ ಇವುಗಳನ್ನು ಪರೀಕ್ಷಿಸುತ್ತ ಹೋದರೂ ಇಪ್ಪತ್ತು ವರ್ಷ ಹಿಡಿದೀತು. ಇದು ಒಂದು ದಿನದ ಮಾತು. ಐದು ದಿನಗಳಿಗೆ ಲೆಕ್ಕ ಹಾಕಿದರೆ ಬರುವುದು 75 ಅಂಕಿಗಳ ಸಂಖ್ಯೆ. ಇವುಗಳಲ್ಲಿ ಬಹುಪಾಲು ನಿಯಮಕ್ಕೆ ಹೊಂದದವು. ಗಣಿತದ ಮೇಷ್ಟರು ಒಂದೇ ಅವಧಿಯಲ್ಲಿ ಮೂರು ಕೊಠಡಿಗಳಲ್ಲಿ ನಿಂತಿರುವಂಥವು. ಒಂದೊಂದನ್ನೇ ನೋಡಿ ಒಳ್ಳೆಯದನ್ನು ಆರಿಸಿಕೊಳ್ಳುವ ದಾರಿ ಹೀಗೆ ಮೊದಲಿಗೇ ಮುಚ್ಚಿಹೋಗುತ್ತದೆ.

ಆದರೆ ಆಶ್ಚರ್ಯದ ಸಂಗತಿಯೆಂದರೆ, ಹುಡುಕುವ ಅಗತ್ಯವೇ ಇಲ್ಲ. ಡೇನೆಸ್ ಕ್ಯೋನಿಗ್ ಎಂಬ ಹಂಗೇರಿಯ ಗಣಿತಜ್ಞನು 1916ರಲ್ಲಿ ಪ್ರಕಟಿಸಿದ ಒಂದು ಪ್ರಮೇಯ ಇದಕ್ಕೆ ಉತ್ತರವಾಗಿದೆ. ಅವನು ಶಾಲೆಯ ವಿಷಯ ಹೇಳಲಿಲ್ಲ. ಬಿಂದುಗಳ ಮತ್ತು ಅವುಗಳನ್ನು ಕೂಡಿಸುವ ಗೆರೆಗಳ ವಿಷಯ ಹೇಳಿದನು. ನಾವು ಒಂದು ಸಾಲಿನಲ್ಲಿ ಉಪಾಧ್ಯಾಯರಿಗೆ ಒಂದೊಂದು ಬಿಂದುವನ್ನೂ, ಎದುರು ಸಾಲಿನಲ್ಲಿ ತರಗತಿಗಳಿಗೆ ಒಂದೊಂದು ಬಿಂದುವನ್ನೂ ಇಟ್ಟು, ಪ್ರತಿ ಪಾಠಕ್ಕೂ ಒಂದು ಗೆರೆ ಎಳೆಯೋಣ. ವಾರದ ನಲವತ್ತು ಅವಧಿಗಳನ್ನು ನಲವತ್ತು ಬಣ್ಣಗಳೆಂದುಕೊಳ್ಳೋಣ. ಒಂದು ಬಿಂದುವಿನಲ್ಲಿ ಸೇರುವ ಯಾವ ಎರಡು ಗೆರೆಗಳೂ ಒಂದೇ ಬಣ್ಣದವಾಗಬಾರದು. ಯಾವ ಬಿಂದುವಿನಲ್ಲಿಯೂ ನಲವತ್ತಕ್ಕಿಂತ ಹೆಚ್ಚು ಗೆರೆಗಳು ಸೇರದಿದ್ದರೆ, ನಲವತ್ತು ಬಣ್ಣಗಳು ಖಂಡಿತವಾಗಿ ಸಾಕಾಗುತ್ತವೆ ಎಂಬುದೇ ಪ್ರಮೇಯದ ಸಾರ. ಅಂದರೆ ಯಾವ ಉಪಾಧ್ಯಾಯರಿಗೂ, ಯಾವ ತರಗತಿಗೂ ನಲವತ್ತು ಪಾಠಗಳನ್ನು ಮೀರದಂತೆ ಹಂಚಿದ್ದರೆ ವೇಳಾಪಟ್ಟಿ ಇದ್ದೇ ಇದೆ. ಮೀರಿದ್ದರೆ ಇಲ್ಲ. ನಮ್ಮ ಮಾದರಿ ಶಾಲೆಯಲ್ಲಿ ಗಣಿತದವರೇ ವಿಜ್ಞಾನದ ಏಳರಲ್ಲಿ ಭೌತ ಮತ್ತು ರಸಾಯನ ಭಾಗದ ನಾಲ್ಕು ಅವಧಿಗಳನ್ನೂ ಹೇಳಬೇಕಾದರೆ ಅವರ ಲೆಕ್ಕ 28ಕ್ಕೆ 16 ಸೇರಿ 44 ಆಗುತ್ತದೆ. ಆಗ ಎಂಥ ಚತುರನೂ ಪಟ್ಟಿ ಮಾಡಲಾರನು. ರಬ್ಬರು ಸವೆಸುವ ಮೊದಲು ಈ ಕೂಡಿಕೆಯನ್ನು ಮಾಡಿಕೊಳ್ಳುವುದು ಮೇಲು.

ಕ್ಯೋನಿಗನ ಪ್ರಮೇಯದ ಸಾಧನೆ ಬಹಳ ಸೊಗಸಾದುದು. ಅನುಭವವುಳ್ಳ ಮುಖ್ಯೋಪಾಧ್ಯಾಯರು ಪ್ರತಿ ವರ್ಷ ತಿಳಿಯದೆಯೇ ಮಾಡುವ ಕೆಲಸವೇ ಅದು. 159 ಪಾಠಗಳು ಕುಳಿತಿವೆ, 9ನೆಯ ತರಗತಿಯ ಒಂದು ಗಣಿತ ಪಾಠ ಮಾತ್ರ ಉಳಿದಿದೆ ಎನ್ನೋಣ. ಗಣಿತದವರಿಗೆ ಸೋಮವಾರ ಮೂರನೆಯ ಅವಧಿ ಬಿಡುವಿದೆ. ಆದರೆ ಆಗ 9ನೆಯವರಿಗೆ ಹಿಂದಿ. 9ನೆಯವರಿಗೆ ಮಂಗಳವಾರ ಐದನೆಯ ಅವಧಿ ಖಾಲಿಯಿದೆ. ಆದರೆ ಆಗ ಗಣಿತದವರು 10 'ಎ'ಯಲ್ಲಿರುತ್ತಾರೆ. ಸರಿ, ಗಣಿತವನ್ನು ಸೋಮವಾರ ಮೂರಕ್ಕೆ ಇಟ್ಟುಬಿಡೋಣ. ಅಲ್ಲಿದ್ದ ಹಿಂದಿಯನ್ನು ಮಂಗಳವಾರ ಐದಕ್ಕೆ ತಳ್ಳೋಣ. ಆಗ ಹಿಂದಿಯವರಿಗೆ ಬಿಡುವಿದ್ದರೆ ಕೆಲಸ ಮುಗಿಯಿತು. ಇಲ್ಲ, ಅವರು ಆಗ 8ನೆಯ ತರಗತಿಯಲ್ಲಿದ್ದರೆ, ಆ ಪಾಠವನ್ನು ಸೋಮವಾರ ಮೂರಕ್ಕೆ ತರೋಣ. ಅಲ್ಲಿ ಅವರಿಗೆ ಈಗತಾನೆ ಬಿಡುವಾಗಿದೆ. ಸೋಮವಾರ ಮೂರರಲ್ಲಿ 8ನೆಯವರಿಗೆ ವಿಜ್ಞಾನವಿದ್ದರೆ ಅದನ್ನು ಮಂಗಳವಾರ ಐದಕ್ಕೆ ಒಯ್ಯೋಣ. ಹೀಗೆ ಎರಡೇ ಅವಧಿಗಳ ನಡುವೆ ಪಾಠಗಳು ಅತ್ತಿಂದಿತ್ತ ಇತ್ತಿಂದತ್ತ ಸರಿಯುತ್ತ ಹೋಗುತ್ತವೆ.

ಈ ಸರಪಳಿ ಎಂದಾದರೂ ಕೊನೆಗೊಳ್ಳುತ್ತದೆಯೇ, ಅಥವಾ ಸುತ್ತಿ ಬಂದು ನಮ್ಮ ಗಣಿತದವರ ಕೊರಳಿಗೇ ಬೀಳುತ್ತದೆಯೇ? ಬೀಳಲಾರದು. ಏಕೆಂದರೆ ಸರಪಳಿ ಯಾವ ಉಪಾಧ್ಯಾಯರನ್ನು ಮುಟ್ಟಿದರೂ ಅವರ ಸೋಮವಾರ ಮೂರನೆಯ ಅವಧಿಯ ಪಾಠದ ಮೂಲಕವೇ ಮುಟ್ಟಬೇಕು. ಗಣಿತದವರಿಗೆ ಆ ಅವಧಿಯಲ್ಲಿ ಪಾಠವೇ ಇರಲಿಲ್ಲವಲ್ಲ! ಅದೇ ರೀತಿ ಅದು 9ನೆಯ ತರಗತಿಗೂ ಮರಳಲಾರದು. ಮುಟ್ಟಿದವರನ್ನೇ ಮತ್ತೆ ಮುಟ್ಟುವ ಹಾಗಿಲ್ಲ, ಶಾಲೆಯಲ್ಲಿರುವ ಜನ ಎಣಿಕೆಗೆ ಸಿಕ್ಕುವಷ್ಟೇ. ಆದುದರಿಂದ ಸರಪಳಿ ಎಲ್ಲಿಯೋ ಒಂದು ಕಡೆ, ಬಿಡುವಿರುವ ಒಬ್ಬರ ಬಳಿ, ನಿಲ್ಲಲೇಬೇಕು. 160ನೆಯ ಪಾಠವೂ ಕುಳಿತಂತಾಯಿತು.

ಇಲ್ಲಿ ಗಮನಿಸಬೇಕಾದುದು ಬಿಡುವಿನ ಮಹಿಮೆ. ಹದಿನೈದು ಬಿಲ್ಲೆಗಳನ್ನು ಹದಿನಾರು ಮನೆಗಳಲ್ಲಿ ಸರಿಸುವ ಆಟವನ್ನು ಅನೇಕರು ಬಲ್ಲರು. ಒಂದು ಮನೆ ಖಾಲಿಯಿರುವುದರಿಂದಲೇ ಬಿಲ್ಲೆಗಳು ಚಲಿಸುತ್ತವೆ. ಲೋಹದ ಹರಳಿನಲ್ಲಿ ಸಾಲುಗಟ್ಟಿ ಕುಳಿತ ಪರಮಾಣುಗಳ ಕಥೆಯೂ ಇದೇ. ಅಲ್ಲಲ್ಲಿ ಒಂದೊಂದು ಸ್ಥಾನ ಬರಿದಾಗಿರುತ್ತದೆ. ಪಕ್ಕದ ಪರಮಾಣು ಅಲ್ಲಿಗೆ ಜಿಗಿಯುತ್ತದೆ, ಅದರ ಜಾಗಕ್ಕೆ ಇನ್ನೊಂದು. ಬರಿದಾದ ಸ್ಥಾನಗಳಿಲ್ಲದಿದ್ದರೆ ಒಂದು ಲೋಹ ಮತ್ತೊಂದರೊಳಗೆ ಹರಡುವುದು ಬಹಳ ಮಟ್ಟಿಗೆ ನಿಂತೇಹೋಗುತ್ತಿತ್ತು. ಉಪಾಧ್ಯಾಯರ ಬಿಡುವಿನ ಅವಧಿಯನ್ನು ಕಂಡು ಕಣ್ಣು ಕೆಂಪಗೆ ಮಾಡಿಕೊಳ್ಳುವ ಆಡಳಿತ ಮಂಡಳಿಗಳು ಇದನ್ನು ಸ್ವಲ್ಪ ಯೋಚಿಸಬೇಕು. ಯಾರಿಗಾದರೂ ಜ್ವರ ಬಂದ ದಿನ ಬದಲಿ ತರಗತಿ ನಡೆಯುವುದೂ ಆ ಬಿಡುವಿನಿಂದಲೇ.

ಇಷ್ಟು ಸುಲಭವಾದರೆ ಹಾಳೆ ತೂತಾಗುವುದೇಕೆ? ಬೇಡಿಕೆಗಳಿಂದ. ನಮ್ಮ ಹಿಂದಿಯವರು ಮಂಗಳವಾರ ಮತ್ತು ಗುರುವಾರ ನಿಯೋಜನೆಯ ಮೇಲೆ ಬೇರೊಂದು ಶಾಲೆಗೆ ಹೋಗುತ್ತಾರೆಂದು ಎಣಿಸಿ. ಮೇಲಿನ ಸರಪಳಿ ಮೊದಲನೆಯ ಕೊಂಡಿಯಲ್ಲಿಯೇ ಕಡಿದುಹೋಗುತ್ತದೆ. ಹಿಂದಿಯನ್ನು ಮಂಗಳವಾರ ಐದಕ್ಕೆ ತಳ್ಳುವಂತಿಲ್ಲ. ಬೇರೆ ಎರಡು ಅವಧಿಗಳನ್ನು ಹಿಡಿದು ಮತ್ತೆ ಯತ್ನಿಸಬೇಕು. ಅಲ್ಲಿ ಮತ್ತೊಬ್ಬರ ಬೇಡಿಕೆ ಅಡ್ಡ ಬಂದೀತು. ಟೊರಾಂಟೊ ವಿಶ್ವವಿದ್ಯಾಲಯದ ಗಾಟ್‌ಲೀಬ್ ಎಂಬ ವಿದ್ವಾಂಸರು 1962ರಲ್ಲಿ ಮ್ಯೂನಿಕ್‌ನಲ್ಲಿ ನೆರೆದ ಗಣಕ ತಜ್ಞರ ಸಮ್ಮೇಳನದಲ್ಲಿ ಇಂಥ ಪಟ್ಟಿಯನ್ನು ಯಂತ್ರದಿಂದ ಮಾಡಿಸುವ ವಿಧಾನವೊಂದನ್ನು ಮುಂದಿಟ್ಟರು. ಮುಂದಿನ ಹಲವು ವರ್ಷ ಅನೇಕರು ಅದನ್ನು ತಿದ್ದಿದರು. ಎಲ್ಲ ಶಾಲೆಗಳಿಗೂ ತಪ್ಪದೆ ಒದಗುವ ಶೀಘ್ರ ವಿಧಾನ ಮಾತ್ರ ಕೈಗೆ ಸಿಕ್ಕಲಿಲ್ಲ. ಏಕೆ ಸಿಕ್ಕಲಿಲ್ಲವೆಂಬುದು 1976ರಲ್ಲಿ ಬೆಳಕಿಗೆ ಬಂದಿತು. ಆ ವರ್ಷ ಈವನ್, ಇತಾಯ್, ಶಮೀರ್ ಎಂಬ ಮೂವರು, ಉಪಾಧ್ಯಾಯರು ಕೆಲವು ವೇಳೆಗಳಲ್ಲಿ ದೊರೆಯುವುದಿಲ್ಲವೆಂಬ ಒಂದೇ ಷರತ್ತನ್ನು ಸೇರಿಸಿದರೂ ಸಾಕು, ಸಮಸ್ಯೆ 'ಎನ್‌ಪಿ-ಸಂಪೂರ್ಣ' ಎಂಬ ಕಠಿಣ ವರ್ಗಕ್ಕೆ ಜಾರುತ್ತದೆಂದು ತೋರಿಸಿಕೊಟ್ಟರು. ಇಡೀ ಪಟ್ಟಿಯಲ್ಲಿ ಮೂರೇ ಅವಧಿಗಳಿದ್ದರೂ ಹೀಗೆಯೇ! ಈ ವರ್ಗದ ಒಂದು ಸಮಸ್ಯೆಗೆ ಶೀಘ್ರವೂ ನಿಶ್ಚಿತವೂ ಆದ ಪರಿಹಾರ ದೊರೆತರೆ ಅದೇ ವರ್ಗದ ಉಳಿದೆಲ್ಲವುಗಳಿಗೂ ದೊರೆತಂತೆಯೇ. ಅಂಥ ಪರಿಹಾರ ಇದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದವರಿಗೆ ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಹತ್ತು ಲಕ್ಷ ಡಾಲರುಗಳ ಬಹುಮಾನವನ್ನು ಸಾರಿದೆ. ಬಹುಮಾನವನ್ನು ಇನ್ನೂ ಯಾರೂ ಪಡೆದಿಲ್ಲ.

ಹೀಗಿದ್ದೂ ಶಾಲೆಗಳು ನಡೆಯುತ್ತಿವೆಯಷ್ಟೆ. ಈಗ ಗಣಕಯಂತ್ರಗಳು ವೇಳಾಪಟ್ಟಿ ಮಾಡಿಕೊಡುತ್ತವೆ. ಅವುಗಳಲ್ಲಿ ಬಳಕೆಯಾಗುವ ಉಪಾಯಗಳಲ್ಲೊಂದು ಭೌತವಿಜ್ಞಾನದಿಂದ ಎರವಲು ಪಡೆದುದೆಂಬುದು ನಮ್ಮಂಥವರಿಗೆ ಸಂತೋಷದ ವಿಷಯ. ಕಮ್ಮಾರನು ಉಕ್ಕನ್ನು ಮೆದುವಾಗಿಸಬೇಕಾದರೆ ಅದನ್ನು ಕೆಂಪಗೆ ಕಾಯಿಸಿ, ಒಮ್ಮೆಗೇ ನೀರಿಗೆ ಹಾಕದೆ, ಬೂದಿಯಲ್ಲಿ ಹೂತು ನಿಧಾನವಾಗಿ ಆರಗೊಡುತ್ತಾನೆ. ಬಿಸಿಯಾಗಿರುವಾಗ ಪರಮಾಣುಗಳು ಅತ್ತಿತ್ತ ಜಿಗಿದಾಡುತ್ತವೆ. ನಿಧಾನವಾಗಿ ಆರುತ್ತ ಬಂದಂತೆ ಅವು ತಮಗೆ ನೆಮ್ಮದಿಯ ಸ್ಥಾನಗಳನ್ನು, ಅಂದರೆ ಶಕ್ತಿ ಕಡಿಮೆಯಿರುವ ಸ್ಥಾನಗಳನ್ನು, ಕಂಡುಕೊಳ್ಳುತ್ತವೆ. ಥಟ್ಟನೆ ಆರಿಸಿದರೆ ಎಲ್ಲಿದ್ದವು ಅಲ್ಲಿಯೇ ಸೆಟೆದು ನಿಲ್ಲುತ್ತವೆ. 1983ರಲ್ಲಿ ಕರ್ಕ್‌ಪ್ಯಾಟ್ರಿಕ್ ಮತ್ತು ಅವರ ಇಬ್ಬರು ಸಂಗಡಿಗರು ಇದೇ ಕ್ರಮವನ್ನು ಲೆಕ್ಕಗಳಿಗೂ ಹೂಡಬಹುದೆಂದು ತೋರಿಸಿದರು. 1991ರಲ್ಲಿ ಅಬ್ರಾಮ್‌ಸನ್ ಎಂಬವರು ಅದನ್ನು ಶಾಲೆಯ ವೇಳಾಪಟ್ಟಿಗೆ ಅನ್ವಯಿಸಿದರು.

ಕ್ರಮ ಹೀಗಿದೆ. ಮೊದಲು ಹೇಗಾದರೂ ಒಂದು ಪಟ್ಟಿಯನ್ನು ಗೀಚುವುದು. ತಪ್ಪುಗಳು ತುಂಬಿದ್ದರೂ ಚಿಂತೆಯಿಲ್ಲ. ಒಂದೊಂದು ತಪ್ಪಿಗೂ ಇಷ್ಟಿಷ್ಟು ದಂಡವೆಂದು ಗೊತ್ತುಮಾಡುವುದು. ಒಬ್ಬರೇ ಎರಡು ಕಡೆ ಇದ್ದರೆ ಸಾವಿರ, ಒಂದೇ ದಿನ ಮೂರು ಗಣಿತ ಪಾಠಗಳು ಬಿದ್ದರೆ ಐವತ್ತು, ಯಾರಿಗಾದರೂ ಬೇಡದ ಅವಧಿ ಬಂದರೆ ಐದು. ಒಟ್ಟು ದಂಡವೇ ಪಟ್ಟಿಯ 'ಶಕ್ತಿ'. ಯಂತ್ರ ಯಾವುದೋ ಎರಡು ಪಾಠಗಳನ್ನು ಅದಲುಬದಲು ಮಾಡುತ್ತದೆ. ದಂಡ ಇಳಿದರೆ ಬದಲಾವಣೆಯನ್ನು ಉಳಿಸಿಕೊಳ್ಳುತ್ತದೆ. ಏರಿದರೂ ಕೆಲವೊಮ್ಮೆ ಉಳಿಸಿಕೊಳ್ಳುತ್ತದೆ. ಮೊದಮೊದಲು, ಅಂದರೆ 'ಬಿಸಿ' ಇರುವಾಗ ಧಾರಾಳವಾಗಿ, ಬರಬರುತ್ತ ಅಪರೂಪವಾಗಿ. ತಪ್ಪು ಹೆಜ್ಜೆಯನ್ನೂ ಇಡಬಲ್ಲುದಾದುದರಿಂದಲೇ ಅದು ಸಣ್ಣ ಗುಂಡಿಯಲ್ಲಿ ಸಿಕ್ಕಿಬೀಳದೆ ಹೊರಗೆ ಬರುತ್ತದೆ. ಲಕ್ಷಗಟ್ಟಲೆ ಬದಲಾವಣೆಗಳಾದ ಬಳಿಕ ಉಳಿಯುವ ಪಟ್ಟಿ ಎಲ್ಲಕ್ಕಿಂತ ಉತ್ತಮವೆಂದು ಆಣೆಯಿಟ್ಟು ಹೇಳಲಾಗದು. ಸಾಮಾನ್ಯವಾಗಿ ಒಳ್ಳೆಯದೇ ಆಗಿರುತ್ತದೆ.

ಆದರೆ ದಂಡದ ದರವನ್ನು ಯಂತ್ರ ಗೊತ್ತುಮಾಡುವುದಿಲ್ಲ. ಸಾವಿರ, ಐವತ್ತು, ಐದು ಎಂಬುದನ್ನು ಮನುಷ್ಯರೇ ಬರೆಯಬೇಕು. ಪೆನ್ಸಿಲು ಹಿಡಿದು ಕುಳಿತವರ ಮನಸ್ಸಿನಲ್ಲಿಯೂ ಇಂಥ ದರಪಟ್ಟಿಯೊಂದು ಇದ್ದೇ ಇರುತ್ತದೆ, ಬರೆದಿಡುವುದಿಲ್ಲವಷ್ಟೆ. ಕೊಠಡಿಯೊಳಕ್ಕೆ ಬಂದು ಬೇಡಿಕೆ ಹೇಳಬಲ್ಲವರು ಉಪಾಧ್ಯಾಯರು ಮಾತ್ರ. ಅವರ ಬಿಡುವು ಕಡಿಮೆಯೆಂದರೂ ವಾರಕ್ಕೆ ಹನ್ನೆರಡು ಅವಧಿ. ನಲವತ್ತಕ್ಕೆ ನಲವತ್ತು ಅವಧಿಗಳನ್ನೂ ಕುಳಿತು ಕೇಳುವ ಹುಡುಗ ಹುಡುಗಿಯರು ಆ ಕೊಠಡಿಗೆ ಬರುವುದಿಲ್ಲ. ಪ್ರತಿಯೊಂದು ಷರತ್ತೂ ಸಮಸ್ಯೆಯನ್ನು ಕಠಿಣಗೊಳಿಸುತ್ತದೆಂದು ಗಣಿತ ಹೇಳುತ್ತಿರುವಾಗ, ಬಾರದವರ ಪರವಾಗಿ ಯಾವ ಷರತ್ತುಗಳನ್ನು ಹಾಕಬೇಕೆಂಬುದನ್ನು ಮೊದಲೇ ತಿಳಿದಿರುವುದು ನ್ಯಾಯ.

ಈ ವಿಷಯದಲ್ಲಿ ದೇಹವಿಜ್ಞಾನ ಇತ್ತೀಚೆಗೆ ಸಾಕಷ್ಟು ತಿಳಿಸಿದೆ. ಹದಿಹರೆಯದವರ ದೇಹದೊಳಗಿನ ಗಡಿಯಾರ ದೊಡ್ಡವರ ಗಡಿಯಾರಕ್ಕಿಂತ ಹಿಂದೆ ಬೀಳುತ್ತದೆ. ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ರಸ ಅವರಲ್ಲಿ ತಡವಾಗಿ ಒಸರುತ್ತದೆ. ದೀಪದ ಬೆಳಕು, ಮೊಬೈಲಿನ ಬೆಳಕು ಅದನ್ನು ಮತ್ತಷ್ಟು ತಡಮಾಡುತ್ತವೆ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆ 2016ರಲ್ಲಿ ಹೇಳಿದೆ. ಅದೇ ವರ್ಷ ಸಿಯಾಟಲ್ ನಗರದ ಪ್ರೌಢಶಾಲೆಗಳು ಬೆಳಗಿನ ಗಂಟೆಯನ್ನು 7-50ರಿಂದ 8-45ಕ್ಕೆ ಸರಿಸಿದವು. ಹುಡುಗರು ಆ ಐವತ್ತೈದು ನಿಮಿಷಗಳನ್ನೂ ರಾತ್ರಿ ಎಚ್ಚರವಿದ್ದು ಕಳೆಯುತ್ತಾರೆಂದು ಹಲವರು ಹೆದರಿದ್ದುಂಟು. ಮಣಿಕಟ್ಟಿಗೆ ಅಳತೆಯ ಉಪಕರಣ ಕಟ್ಟಿ ನೋಡಿದಾಗ ನಿದ್ರೆ 34 ನಿಮಿಷಗಳಷ್ಟು ಹೆಚ್ಚಿದುದು ಕಂಡುಬಂದಿತು. ಕ್ಯಾಲಿಫೋರ್ನಿಯ ರಾಜ್ಯ 2019ರಲ್ಲಿ ಶಾಸನವನ್ನೇ ಮಾಡಿ, 2022ರಿಂದ ಪ್ರೌಢಶಾಲೆಗಳು ಸಾಮಾನ್ಯವಾಗಿ 8-30ಕ್ಕೆ ಮೊದಲು ಆರಂಭವಾಗಕೂಡದೆಂದು ವಿಧಿಸಿತು.

ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯುವುದು ಸಾಮಾನ್ಯವಾಗಿ ಹತ್ತರ ಸುಮಾರಿಗೆ. ಆದುದರಿಂದ ಆ ದೂರು ನಮಗೆ ತಟ್ಟದೆಂದು ತೋರಬಹುದು. ಆದರೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ದಿನವನ್ನು ಲೆಕ್ಕ ಹಾಕಿ ನೋಡಿ. ಪರೀಕ್ಷೆಯ ವರ್ಷವೆಂದು ಎಂಟೂವರೆಗೆ ವಿಶೇಷ ತರಗತಿ. ಅದಕ್ಕೆ ಸಿಕ್ಕುವ ಬಸ್ಸು ಏಳೂಕಾಲಕ್ಕೆ. ಸಂಜೆ ಶಾಲೆ ಬಿಟ್ಟ ಮೇಲೆ ಮನೆಪಾಠ. ಮನೆ ಸೇರಿ, ಉಂಡು, ಬರೆದು ಮಲಗುವಾಗ ಹನ್ನೊಂದು. ಬೆಳಗಿನ ಜಾವದ ಓದು ತಲೆಗೆ ಹತ್ತುತ್ತದೆಂದು ಮನೆಯವರು ಐದಕ್ಕೆ ಎಬ್ಬಿಸುತ್ತಾರೆ. ನಿದ್ರೆ ಆರು ಗಂಟೆ. ದಿನಕ್ಕೆ ಕನಿಷ್ಠ ಎರಡು ಗಂಟೆಯ ಸಾಲ, ವಾರದ ಆರು ದಿನಗಳಿಗೆ ಹನ್ನೆರಡು. ಬ್ರಾಹ್ಮೀ ಮುಹೂರ್ತದ ಓದನ್ನು ಹೊಗಳಿದ ಹಿರಿಯರು ರಾತ್ರಿ ಎಂಟೂವರೆಗೆ ಮಲಗುತ್ತಿದ್ದರೆಂಬುದನ್ನು ನಾವು ಮರೆತಿದ್ದೇವೆ. ಶಾಲೆಯ ಗಂಟೆ ಹತ್ತಕ್ಕೇ ಹೊಡೆದರೂ ಆಕೆಯ ವೇಳಾಪಟ್ಟಿ ಐದಕ್ಕೇ ಶುರುವಾಗಿರುತ್ತದೆ.

ದಿನದ ಒಳಗಿನ ಏರಿಳಿತವೂ ಇದೆ. ಡೆನ್ಮಾರ್ಕ್ ದೇಶದಲ್ಲಿ ಮಕ್ಕಳು ಬರೆದ ಸುಮಾರು ಇಪ್ಪತ್ತು ಲಕ್ಷ ಪರೀಕ್ಷೆಗಳ ಫಲವನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪರೀಕ್ಷೆ ಒಂದೊಂದು ಗಂಟೆ ತಡವಾದಂತೆಲ್ಲ ಅಂಕಗಳು ಸ್ವಲ್ಪ ಸ್ವಲ್ಪ ಕುಗ್ಗಿದ್ದವು. ಇಪ್ಪತ್ತು ಮೂವತ್ತು ನಿಮಿಷಗಳ ವಿರಾಮ ಕೊಟ್ಟು ಬರೆಸಿದಲ್ಲಿ ಏರಿಕೆ ಆ ಒಂದು ಗಂಟೆಯ ಇಳಿಕೆಗಿಂತ ಹೆಚ್ಚಾಗಿತ್ತು. ವ್ಯತ್ಯಾಸ ದೊಡ್ಡದಲ್ಲ, ಆದರೆ ಅದು ಹಿಂದುಳಿದ ಮಕ್ಕಳನ್ನೇ ಹೆಚ್ಚಾಗಿ ಬಾಧಿಸಿತ್ತೆಂಬುದು ಗಮನಾರ್ಹ. ಮಧ್ಯಾಹ್ನದ ತೂಕಡಿಕೆಗೆ ಬಿಸಿಯೂಟವನ್ನು ದೂರುವವರುಂಟು. ಆ ಹೊತ್ತಿನ ಮಂಕು ಉಣ್ಣದವರಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅದು ಗಡಿಯಾರದ ಗುಣ, ಅನ್ನದ್ದಲ್ಲ. ಇದರಿಂದ ಗಣಿತವೆಲ್ಲ ಬೆಳಗ್ಗೆಯೇ ಆಗಬೇಕೆಂದು ಹೊರಡುವುದೂ ಸರಿಯಲ್ಲ. ನಾಲ್ಕು ತರಗತಿಗಳಿಗೆ ಒಬ್ಬರೇ ಉಪಾಧ್ಯಾಯರಿರುವಲ್ಲಿ ಎಲ್ಲರಿಗೂ ಮೊದಲನೆಯ ಅವಧಿ ದೊರೆಯಲಾರದು. ಒಂದೇ ತರಗತಿಗೆ ವರ್ಷವಿಡೀ ಕೊನೆಯ ಅವಧಿಯ ಗಣಿತ ಬೀಳದಂತೆ ಸರದಿ ಮಾಡಬಹುದು. ಏಳು ಪಾಠಗಳನ್ನು ಎರಡು ಮೂರು ದಿನಗಳಲ್ಲಿ ಗುಡ್ಡೆಹಾಕದೆ ಆರು ದಿನಗಳಿಗೂ ಹರಡಬಹುದು. ಹರಡಿ ಕಲಿತುದು ಹೆಚ್ಚು ಕಾಲ ನಿಲ್ಲುತ್ತದೆಂಬುದನ್ನು ಎಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆ ತಾನೇ ಪ್ರಯೋಗ ನಡೆಸಿ ತೋರಿಸಿದ್ದನು. ಇನ್ನು ದೈಹಿಕ ಶಿಕ್ಷಣದ ಎರಡು ಅವಧಿಗಳನ್ನು ಡಿಸೆಂಬರ್ ಬಂದೊಡನೆ ಗಣಿತಕ್ಕೋ ವಿಜ್ಞಾನಕ್ಕೋ ಕಿತ್ತುಕೊಡುವ ಪದ್ಧತಿಗೆ, ನನ್ನ ಅಭಿಪ್ರಾಯದಲ್ಲಿ, ಸಾವಿರದ ದಂಡವೇ ತಕ್ಕುದು.

ಕರಡು ಪಟ್ಟಿಯನ್ನು ನಾವು ಉಪಾಧ್ಯಾಯರ ಹೆಸರು ಹಿಡಿದು ಪರಿಶೀಲಿಸುವುದು ವಾಡಿಕೆ: ಇವರಿಗೆ ಎಷ್ಟು, ಅವರಿಗೆ ಎಷ್ಟು. ಗೋಡೆಗೆ ಅಂಟಿಸುವ ಮೊದಲು ಒಮ್ಮೆ ಅದನ್ನು ಅತ್ಯಂತ ದೂರದ ಹಳ್ಳಿಯಿಂದ ಬರುವ ಒಬ್ಬ ವಿದ್ಯಾರ್ಥಿಯ ಹೆಸರು ಹಿಡಿದು, ಮನೆ ಬಿಡುವ ಹೊತ್ತಿನಿಂದ ಮರಳಿ ಸೇರುವ ಹೊತ್ತಿನವರೆಗೆ ಓದಿ ನೋಡಬಹುದು. ವಿಶೇಷ ತರಗತಿಯನ್ನು ಬೆಳಗಿನಿಂದ ತೆಗೆದು, ಶಾಲೆಯ ಅವಧಿಗಳ ಒಳಗೆಯೇ ವಾರಕ್ಕೆ ಎರಡು ಕಡೆ ಜಾಗ ಮಾಡಲು ಬಂದೀತೇ ಎಂಬುದು ಆಗ ಹೊಳೆಯುತ್ತದೆ. ಮೇಲೆ ಹೇಳಿದ ಸರಪಳಿಯ ವಿಧಾನದಿಂದ ಅರ್ಧ ಗಂಟೆಯಲ್ಲಿ ಅದನ್ನು ಪರೀಕ್ಷಿಸಬಹುದು. ಹೇಗೂ ನಿಯೋಜನೆಯ ಆದೇಶಗಳು ಬಂದು ಮುಟ್ಟುವವರೆಗೆ, ಹೊಸ ಮಕ್ಕಳ ದಾಖಲಾತಿ ಮುಗಿಯುವವರೆಗೆ, ಪಟ್ಟಿಯನ್ನು ಪೆನ್ಸಿಲಿನಲ್ಲಿಯೇ ಬರೆದಿಟ್ಟಿರುತ್ತಾರೆ.